ಅನ್ನ, ಆಶ್ರಯ, ಅಕ್ಷರ: ಮೈಸೂರು ಸಂಸ್ಥಾನದ ಉಚಿತ ವಿದ್ಯಾರ್ಥಿನಿಲಯಗಳು ಮತ್ತು ಸಾಮಾಜಿಕ ಚಲನೆ

ಆಧುನಿಕ ಕರ್ನಾಟಕದ ಸಾಮಾಜಿಕ ಚಲನೆಯನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಎರಡು ನೆಲೆಗಳಲ್ಲಿ ನಡೆದಿವೆ. ಎಂ.ಎನ್. ಶ್ರೀನಿವಾಸರು ಪ್ರತಿಪಾದಿಸಿದ ಸಂಸ್ಕೃತೀಕರಣದ ಪರಿಕಲ್ಪನೆ ಒಂದು. ಸರ್ಕಾರಿ ನೇಮಕಾತಿಯಲ್ಲಿನ ಮೀಸಲಾತಿಯ ಚರಿತ್ರೆ ಮತ್ತೊಂದು. ಈ ಎರಡರ ನಡುವೆ ತೀರ ಸರಳವಾದ ಪ್ರಶ್ನೆಯೊಂದು ಹಿಂದೆ ಸರಿದುಬಿಟ್ಟಿದೆ. ಹಳ್ಳಿಯಿಂದ ಓದಲೆಂದು ಬೆಂಗಳೂರಿಗೋ ಮೈಸೂರಿಗೋ ಬಂದ ಹುಡುಗನು ರಾತ್ರಿ ಎಲ್ಲಿ ಮಲಗುತ್ತಿದ್ದನು, ಎಲ್ಲಿ ಉಣ್ಣುತ್ತಿದ್ದನು? ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಈ ಪ್ರಶ್ನೆಗೆ ಸಮುದಾಯದ ಸಂಘಗಳು, ದಾನಿಗಳು, ಮಠಗಳು ಮತ್ತು ಸರ್ಕಾರ ಸೇರಿ ಕಂಡುಕೊಂಡ ಉತ್ತರವೇ ಉಚಿತ ವಿದ್ಯಾರ್ಥಿನಿಲಯ. ಈ ಉತ್ತರವು ಯಾರಿಗೆ ಒದಗಿತು, ಯಾರಿಗೆ ಒದಗಲಿಲ್ಲ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಂಸ್ಥಾನದ ಉನ್ನತ ಶಿಕ್ಷಣವು ಎರಡು ನಗರಗಳಲ್ಲಿ ಕೇಂದ್ರೀಕೃತವಾಗಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜು ಮತ್ತು ಮೈಸೂರಿನ ಮಹಾರಾಜಾ ಕಾಲೇಜು ಇವೇ ಅದರ ಮುಖ್ಯ ದ್ವಾರಗಳು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾದ ಮೇಲೂ ಈ ಸ್ಥಿತಿ ಬಹುಕಾಲ ಬದಲಾಗಲಿಲ್ಲ. ಪ್ರೌಢಶಾಲೆಗಳೂ ಹೆಚ್ಚಾಗಿ ಜಿಲ್ಲಾ ಕೇಂದ್ರಗಳಿಗೇ ಸೀಮಿತವಾಗಿದ್ದವು. 1880ರ ದಶಕದಲ್ಲಿ ಬಂದ ರೈಲುಮಾರ್ಗಗಳು ತುಮಕೂರು, ಗುಬ್ಬಿ, ಮಂಡ್ಯಗಳ ಸುತ್ತಲಿನ ಹಳ್ಳಿಗಳನ್ನು ರಾಜಧಾನಿಗಳಿಗೆ ಹತ್ತಿರ ತಂದವು, ನಿಜ. ಆದರೆ ರೈಲಿನಿಂದ ಇಳಿದ ವಿದ್ಯಾರ್ಥಿಗೆ ಶಾಲೆಯ ಶುಲ್ಕಕ್ಕಿಂತ ದೊಡ್ಡ ಹೊರೆಯಾಗಿದ್ದುದು ಊಟ ಮತ್ತು ವಸತಿಯ ವೆಚ್ಚ.

ಈ ಹೊರೆಯನ್ನು ಹಗುರಗೊಳಿಸುವ ಒಂದು ಹಳೆಯ ಏರ್ಪಾಡು ನಗರಗಳಲ್ಲಿ ಇದ್ದೇ ಇತ್ತು. ಅದು ವಾರಾನ್ನ. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಂಡು ಓದುವ ಈ ಪದ್ಧತಿಯಿಂದ ಬಡ ಬ್ರಾಹ್ಮಣ ವಿದ್ಯಾರ್ಥಿಗಳ ಒಂದೆರಡು ತಲೆಮಾರುಗಳು ಪದವೀಧರರಾದವು. ಇದನ್ನು ಕೇವಲ ದಾನವೆಂದು ಬಗೆದರೆ ಅದರ ಸಾಮಾಜಿಕ ಸ್ವರೂಪವು ಮರೆಯಾಗುತ್ತದೆ. ನಗರದಲ್ಲಿ ಈಗಾಗಲೇ ನೆಲೆಯೂರಿದ ಸ್ವಜಾತಿಯ ಮನೆಗಳು ಏಳಾದರೂ ಇರಬೇಕು. ಅಗ್ರಹಾರದಂಥ ಒತ್ತಾದ ವಸತಿ ಇರಬೇಕು. ಒಳಮನೆಗೆ ಪ್ರವೇಶ ದೊರೆಯುವ ಜಾತಿಯಲ್ಲಿ ಹುಟ್ಟಿರಬೇಕು. ಒಕ್ಕಲಿಗರ ಅಥವಾ ಕುರುಬರ ಹುಡುಗನಿಗೆ ಬಸವನಗುಡಿಯಲ್ಲಾಗಲಿ ಮೈಸೂರಿನ ಅಗ್ರಹಾರಗಳಲ್ಲಾಗಲಿ ಅಂಥ ಏಳು ಮನೆಗಳಿರಲಿಲ್ಲ. ವಾರಾನ್ನ ಉಂಡವರು ಅದರ ಅವಮಾನವನ್ನು ಕುರಿತು ಬರೆದಿದ್ದಾರೆ. ಆ ಅವಮಾನಕ್ಕೂ ಅರ್ಹತೆ ಪಡೆಯದವರ ಸಂಖ್ಯೆ ಬಹು ದೊಡ್ಡದಾಗಿತ್ತೆಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಉಚಿತ ವಿದ್ಯಾರ್ಥಿನಿಲಯವನ್ನು ಈ ಕೊರತೆಗೆ ಸಂಘಗಳು ಕೊಟ್ಟ ಉತ್ತರವೆಂದು ತಿಳಿಯುವುದು ಸೂಕ್ತ. ಏಳು ಮನೆಗಳ ಬದಲಿಗೆ ಒಂದೇ ಛಾವಣಿ, ಒಂದೇ ಒಲೆ.

ಈ ದಿಸೆಯಲ್ಲಿ ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆ ವಿಶೇಷ ಪರಿಶೀಲನೆಗೆ ಅರ್ಹವಾದುದು. ವರ್ತಕರಾಗಿದ್ದ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೇ ಪ್ರಯಾಣಿಕರಿಗೆ ಛತ್ರವನ್ನೂ ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಸ್ಥಳದ ಆಯ್ಕೆಯೇ ಅರ್ಥಪೂರ್ಣವಾಗಿದೆ: ಹಳ್ಳಿಗ ನಗರಕ್ಕೆ ಕಾಲಿಡುವ ಜಾಗದಲ್ಲಿಯೇ ಅವನಿಗೊಂದು ನೆಲೆ. 1910ರಲ್ಲಿ ತೋಟದಪ್ಪನವರು ತೀರಿಕೊಂಡರು. ಅದಕ್ಕೆ ಮೊದಲೇ ಅವರು ತಮ್ಮ ಆಸ್ತಿಯನ್ನು ಈ ಧರ್ಮಕಾರ್ಯಕ್ಕೆ ಬಿಟ್ಟುಕೊಟ್ಟು, ಅದರ ಆಡಳಿತವನ್ನು ಕೆ.ಪಿ. ಪುಟ್ಟಣ್ಣಚೆಟ್ಟಿಯವರ ನೇತೃತ್ವಕ್ಕೆ ಒಪ್ಪಿಸಿದ್ದರು. ಪುಟ್ಟಣ್ಣಚೆಟ್ಟಿಯವರು ಸಂಸ್ಥಾನದ ಉನ್ನತ ಅಧಿಕಾರಿಯಾಗಿದ್ದವರು. ಮುಂದೆ ಬೆಂಗಳೂರು ನಗರಸಭೆಯ ಅಧ್ಯಕ್ಷರೂ ಆದರು. ವರ್ತಕನ ಹಣ, ಅರಮನೆಯ ಮನ್ನಣೆ, ಅಧಿಕಾರಿಯ ಆಡಳಿತಾನುಭವ ಈ ಮೂರೂ ಒಂದೆಡೆ ಕೂಡಿದ್ದರಿಂದಲೇ ಸಂಸ್ಥೆಯು ದಾನಿಯ ಕಾಲಾನಂತರವೂ ಉಳಿಯಿತು. ದಾನಿಯ ಮರಣದೊಡನೆ ಮುಚ್ಚಿಹೋಗುವ ಛತ್ರಗಳು ನಮ್ಮ ನಾಡಿನಲ್ಲಿ ಕಡಿಮೆಯೇನಲ್ಲ.

ಈ ನಿಲಯದಲ್ಲಿದ್ದು 1920ರ ದಶಕದ ಕೊನೆಯಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರಲ್ಲಿ ಮಾಗಡಿ ಸೀಮೆಯ ವೀರಾಪುರದ ತರುಣರೊಬ್ಬರಿದ್ದರು. 1930ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿದ ಅವರು ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳೆಂದು (1907–2019) ಪ್ರಸಿದ್ಧರಾದರು. ತುಮಕೂರಿನ ಹೊರವಲಯದ ಆ ಮಠದ ಉಚಿತ ನಿಲಯವು ಅವರ ಕಾಲದಲ್ಲಿ ಜಾತಿಮತಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನವಿಕ್ಕಿತು. ಇಲ್ಲಿ ನಗರದ ವರ್ತಕರ ದೇಣಿಗೆಯ ಜೊತೆಗೆ ಸುತ್ತಣ ಹಳ್ಳಿಗಳ ರೈತರು ತಂದೊಪ್ಪಿಸುತ್ತಿದ್ದ ದವಸಧಾನ್ಯಗಳ ಪಾತ್ರವೂ ಮುಖ್ಯವಾದುದು. ಹಣದ ಲೆಕ್ಕಪುಸ್ತಕಗಳಿಂದ ಮಾತ್ರ ಇಂಥ ಸಂಸ್ಥೆಗಳ ಚರಿತ್ರೆಯನ್ನು ಬರೆಯಹೊರಟರೆ ರಾಗಿಯ ಮೂಟೆಗಳ ಪಾಲು ಬಿಟ್ಟುಹೋಗುತ್ತದೆ.

ಇದೇ ಕಾಲದಲ್ಲಿ ಸಮುದಾಯಗಳು ಸಂಘಟಿತವಾಗತೊಡಗಿದವು. 1905ರ ಸುಮಾರಿಗೆ ಲಿಂಗಾಯತರ ವಿದ್ಯಾಭಿವೃದ್ಧಿಯ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ, 1909ರಲ್ಲಿ ಮುಸ್ಲಿಮರ ಕೇಂದ್ರ ಸಂಘ ಅಸ್ತಿತ್ವಕ್ಕೆ ಬಂದವು. ಇವುಗಳ ಕಾರ್ಯಕ್ರಮದಲ್ಲಿ ವಿದ್ಯಾರ್ಥಿವೇತನ ಮತ್ತು ವಿದ್ಯಾರ್ಥಿನಿಲಯಗಳಿಗೆ ಅಗ್ರಸ್ಥಾನವಿತ್ತು. ಸಂಘಗಳ ನಾಯಕರಲ್ಲಿ ಹಲವರು ಪ್ರಜಾಪ್ರತಿನಿಧಿ ಸಭೆಯ ಸದಸ್ಯರೂ ಆಗಿದ್ದರು. ಆದಕಾರಣ ನಿಲಯಕ್ಕೆ ನಿವೇಶನ ಬೇಕು, ಸಹಾಯಧನ ಬೇಕು ಎಂಬ ಬೇಡಿಕೆಗಳು ಸರ್ಕಾರವನ್ನು ತಲುಪಲು ತಡವಾಗಲಿಲ್ಲ. ಇದನ್ನೆಲ್ಲ ನಿಸ್ವಾರ್ಥ ಸೇವೆಯೆಂದು ಬಣ್ಣಿಸುವುದು ಸಂಘಗಳ ಸ್ಮರಣಸಂಚಿಕೆಗಳ ರೂಢಿ. ‘ನಮ್ಮವರು’ ಅಮಲ್ದಾರರಾಗಬೇಕು, ವಕೀಲರಾಗಬೇಕು ಎಂಬ ಹಂಬಲವೂ ಅಲ್ಲಿ ಬಲವಾಗಿತ್ತೆಂದು ಹೇಳುವುದರಿಂದ ಆ ಹಿರಿಯರ ಗೌರವಕ್ಕೇನೂ ಕುಂದಿಲ್ಲ.

ಆ ಹಂಬಲಕ್ಕೆ ರಾಜ್ಯದ ಮುದ್ರೆ ಬಿದ್ದದ್ದು ಮಿಲ್ಲರ್ ಸಮಿತಿಯಿಂದ. ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ 1918ರಲ್ಲಿ ನೇಮಕವಾದ ಈ ಸಮಿತಿಯು 1919ರಲ್ಲಿ ವರದಿ ಸಲ್ಲಿಸಿತು. ಏಳು ವರ್ಷಗಳೊಳಗಾಗಿ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧವೂ ಕೆಳದರ್ಜೆಯ ಹುದ್ದೆಗಳಲ್ಲಿ ಮೂರನೆಯ ಎರಡು ಪಾಲೂ ಹಿಂದುಳಿದ ಕೋಮುಗಳಿಗೆ ದೊರೆಯಬೇಕೆಂಬುದು ಅದರ ಪ್ರಧಾನ ಶಿಫಾರಸು. ಸರ್ಕಾರವು 1921ರಲ್ಲಿ ಈ ನೀತಿಯನ್ನು ಅಂಗೀಕರಿಸಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ನೀತಿ ಒಪ್ಪಿಗೆಯಾಗಿರಲಿಲ್ಲ. 1918ರಲ್ಲಿ ಅವರು ಅಧಿಕಾರ ಬಿಟ್ಟುದಕ್ಕೆ ಇದೂ ಒಂದು ಹಿನ್ನೆಲೆಯೆಂಬುದು ಸುಪರಿಚಿತ. ಹುದ್ದೆಗಳ ಪ್ರಮಾಣದ ಮೇಲೆ ನಡೆದ ವಾದವಿವಾದಗಳ ಗದ್ದಲದಲ್ಲಿ ಒಂದು ಮಾತು ಹಿಂದೆ ಬಿತ್ತು. ಹುದ್ದೆಯನ್ನು ಮೀಸಲಿಟ್ಟರೂ ಅದಕ್ಕೆ ಬೇಕಾದ ವಿದ್ಯಾರ್ಹತೆಯುಳ್ಳ ಅಭ್ಯರ್ಥಿಯು ಇರಬೇಕಷ್ಟೆ. ಅಂಥ ಅಭ್ಯರ್ಥಿಗಳನ್ನು ಸಿದ್ಧಪಡಿಸುವ ಕೆಲಸ ನಡೆದದ್ದು ವಿದ್ಯಾರ್ಥಿವೇತನಗಳಿಂದ ಮತ್ತು ನಿಲಯಗಳಿಂದ. ಸರ್ಕಾರ ಬಾಗಿಲನ್ನು ತೆರೆಯಿತು; ಬಾಗಿಲವರೆಗೆ ಹುಡುಗನನ್ನು ಕರೆತಂದವು ಸಂಘಗಳು. ಒಂದಿಲ್ಲದೆ ಇನ್ನೊಂದು ಫಲಿಸುತ್ತಿರಲಿಲ್ಲ.

ಈ ಬಗೆಯ ಸಹಕಾರವು ಮೈಸೂರಿಗೇ ವಿಶಿಷ್ಟವಾದುದಲ್ಲ. ಧಾರವಾಡದಲ್ಲಿ 1883ರಲ್ಲಿಯೇ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತ್ತು. ಶಿರಸಂಗಿ ಲಿಂಗರಾಜ ದೇಸಾಯರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ನೆರವಿಗೆ ಮೀಸಲಿಟ್ಟರು. ನೆರೆಯ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಮರಾಠ, ಜೈನ, ಮುಸ್ಲಿಮ್, ಲಿಂಗಾಯತ ವಿದ್ಯಾರ್ಥಿಗಳಿಗೆ, 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗೆ ಬೇರೆಬೇರೆ ನಿಲಯಗಳ ಸ್ಥಾಪನೆಗೆ ನೆರವಾದರು. ಆದರೆ ಕೊಲ್ಹಾಪುರದಲ್ಲಿ ಪ್ರೇರಣೆ ಬಹುಮಟ್ಟಿಗೆ ಅರಸನದು; ಮೈಸೂರಿನಲ್ಲಿ ಸಂಘಗಳು ಮುಂದೆ ನಡೆದು ಸರ್ಕಾರವನ್ನು ಜೊತೆಗೆ ಕರೆದುಕೊಂಡವು. ಈ ವ್ಯತ್ಯಾಸಕ್ಕೆ ಒಂದು ಪರಿಣಾಮವಿತ್ತು.

ಸಂಘಗಳ ಮುಂದಾಳುತನವಿದ್ದಲ್ಲಿ ಭೂಮಿ ಮತ್ತು ವ್ಯಾಪಾರಗಳುಳ್ಳ ಸಮುದಾಯಗಳಿಗೆ ಮಾತ್ರ ಬಲವಾದ ನಿಲಯಗಳು ದೊರೆಯುತ್ತವೆ. ದಾನ ಕೊಡಬಲ್ಲವರು ತಮ್ಮೊಳಗೇ ಇಲ್ಲದ ಜನರಿಗೆ ಪಾಲುದಾರರು ಹೊರಗಿನಿಂದ ಬರಬೇಕಾಯಿತು. ಸಂಸ್ಥಾನದ ಹೊರಗೆ, ಮಂಗಳೂರಿನಲ್ಲಿ, ಕುದ್ಮುಲ್ ರಂಗರಾಯರು 1897ರಲ್ಲಿ ದಲಿತ ವರ್ಗಗಳ ಉದ್ಧಾರಕ್ಕಾಗಿ ಸಂಸ್ಥೆಯೊಂದನ್ನು ಕಟ್ಟಿ, ಶಾಲೆಗಳನ್ನೂ ಕೈಗಾರಿಕಾ ಶಿಕ್ಷಣವನ್ನೂ ನಡೆಸಿ, ಸ್ವಜಾತಿಯವರ ಬಹಿಷ್ಕಾರವನ್ನು ಎದುರಿಸಿದರು. ಮೈಸೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರು ಸರ್ಕಾರದ ನೆರವಿನಿಂದ ನಡೆಯುತ್ತಿದ್ದ ಆದಿಕರ್ನಾಟಕ ವಿದ್ಯಾರ್ಥಿಗಳ ವಸತಿಶಾಲೆಯ ಹೊಣೆ ಹೊತ್ತರು. ಸಿ.ಆರ್. ರೆಡ್ಡಿಯವರು ವಿದ್ಯಾ ಇಲಾಖೆಯಲ್ಲಿದ್ದ ಕಾಲದಲ್ಲಿ, ಜಾತಿಯ ಕಾರಣದಿಂದ ಸರ್ಕಾರಿ ಶಾಲೆಗಳಲ್ಲಿ ಪ್ರವೇಶವನ್ನು ನಿರಾಕರಿಸಬಾರದೆಂಬ ನೀತಿಗೆ ಬಲ ಬಂದಿತು. ಅದರ ಬೆನ್ನಿಗೇ ಮೇಲ್ಜಾತಿಗಳ ವಿರೋಧವೂ ಬಂದಿತು. ಈ ಮಹನೀಯರ ಸಾಧನೆಯನ್ನು ಕಿರಿದುಗೊಳಿಸುವುದು ನನ್ನ ಅಭಿಪ್ರಾಯವಲ್ಲ. ಆದರೂ ಒಂದು ಅಂತರವನ್ನು ಗುರುತಿಸಲೇಬೇಕು. ಒಕ್ಕಲಿಗ ವಿದ್ಯಾರ್ಥಿಯು ತನ್ನವರದೇ ನಿಲಯದಲ್ಲಿ ಹಕ್ಕಿನಿಂದಿದ್ದನು. ಆದಿಕರ್ನಾಟಕ ವಿದ್ಯಾರ್ಥಿಯು ಬಹುಕಾಲ ಉಪಕೃತನಾಗಿಯೇ ಇರಬೇಕಾಯಿತು.

ಕುಶಲಕರ್ಮಿಗಳ ಮತ್ತು ಸಣ್ಣ ಸಮುದಾಯಗಳ ಸ್ಥಿತಿ ಬೇರೆ ಬಗೆಯದು. ಮಿಲ್ಲರ್ ಸಮಿತಿಯ ವ್ಯಾಖ್ಯೆಯಲ್ಲಿ ಬ್ರಾಹ್ಮಣೇತರರೆಲ್ಲರೂ ಹೆಚ್ಚುಕಡಿಮೆ ಒಂದೇ ಹೆಸರಿನ ಕೆಳಗೆ ಬಂದರು. ಸಂಖ್ಯೆ, ಭೂಮಿ, ಸಂಘ ಈ ಮೂರೂ ಇದ್ದವರು ಮುಂದೆ ಸಾಗಿದರು. ಉಳಿದವರಲ್ಲಿ ಮೇಲೆ ಬಂದವರು ಹಲವು ವೇಳೆ ಯಾವನೋ ಒಬ್ಬ ಅಧ್ಯಾಪಕನ ಪ್ರೀತಿಯಿಂದ ಬಂದರು. ಎಚ್. ನರಸಿಂಹಯ್ಯನವರು (1920–2005) ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ನೇಕಾರ ಮನೆತನದವರು. ಊರಿನಲ್ಲಿ ತಮಗೆ ಕಲಿಸಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದ ಮುಖ್ಯೋಪಾಧ್ಯಾಯರು ಕರೆದದ್ದರಿಂದ, 1935ರಲ್ಲಿ ಬಸ್ಸಿಗೆ ದುಡ್ಡಿಲ್ಲದೆ ನಡೆದೇ ಬೆಂಗಳೂರನ್ನು ಸೇರಿ, ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದು ಓದಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಆ ಮುಖ್ಯೋಪಾಧ್ಯಾಯರಿಗೆ ಬೆಂಗಳೂರಿಗೆ ವರ್ಗವಾಗದಿದ್ದಲ್ಲಿ ಏನಾಗುತ್ತಿತ್ತೆಂದು ಊಹಿಸಿದರೆ ಸಾಕು, ಸಂಘವಿದ್ದವರಿಗೂ ಇಲ್ಲದವರಿಗೂ ಇದ್ದ ಅಂತರ ಸ್ಪಷ್ಟವಾಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಹೇಳಬೇಕಾದುದು ಇನ್ನೂ ಕಡಿಮೆ. ಸಂಘಗಳ ಆರಂಭದ ನಿಲಯಗಳು ಹುಡುಗರವೇ. ಮೈಸೂರಿನ ಮಹಾರಾಣಿ ಶಾಲೆ, ಬೆಂಗಳೂರಿನ ಮಹಿಳಾ ಸೇವಾ ಸಮಾಜ (1913) ಮೊದಲಾದವುಗಳ ಪ್ರಯೋಜನ ಮುಖ್ಯವಾಗಿ ನಗರದಲ್ಲೇ ಮನೆಯುಳ್ಳವರಿಗೆ ದೊರೆಯಿತು. ಹಳ್ಳಿಯ ಹುಡುಗಿಯನ್ನು ನಗರಕ್ಕೆ ಕರೆತರುವ ಏರ್ಪಾಡನ್ನು ಯಾವ ಸಮುದಾಯವೂ ಆಗ ತನ್ನ ಪ್ರತಿಷ್ಠೆಯ ಪ್ರಶ್ನೆಯನ್ನಾಗಿ ಮಾಡಿಕೊಳ್ಳಲಿಲ್ಲ.

ಏಕೀಕರಣದ ನಂತರ ಈ ಅಸಮತೆಯ ಲೆಕ್ಕಾಚಾರವು ನ್ಯಾಯಾಲಯವನ್ನು ಮುಟ್ಟಿತು. ಮೈಸೂರು ಸರ್ಕಾರವು 1962ರಲ್ಲಿ ವೃತ್ತಿಶಿಕ್ಷಣದ ಸ್ಥಾನಗಳಲ್ಲಿ ಶೇಕಡ 68ರಷ್ಟನ್ನು ಮೀಸಲಿರಿಸಿ ಹೊರಡಿಸಿದ ಆದೇಶವನ್ನು ಸುಪ್ರೀಂ ಕೋರ್ಟು ಬಾಲಾಜಿ ಪ್ರಕರಣದ ತೀರ್ಪಿನಲ್ಲಿ ಅಸಿಂಧುಗೊಳಿಸಿತು. ಒಂದು ದಶಕದ ನಂತರ, 1972ರಲ್ಲಿ, ದೇವರಾಜ ಅರಸು ಅವರ ಸರ್ಕಾರವು ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು. 1975ರಲ್ಲಿ ಬಂದ ಅದರ ವರದಿಯು ಹಿಂದುಳಿದವರೊಳಗಿನ ಅಂತರಗಳನ್ನು ವಿವರವಾಗಿ ಪರಿಶೀಲಿಸಿ, ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿಡಲು ಸೂಚಿಸಿದಾಗ ಅಪಾರ ಪ್ರತಿಭಟನೆ ಎದ್ದಿತು. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರವೇ ಬಾಡಿಗೆ ಕಟ್ಟಡಗಳನ್ನು ಹಿಡಿದು ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳನ್ನು ನಡೆಸುವ ವ್ಯವಸ್ಥೆಯು ವಿಸ್ತಾರಗೊಂಡದ್ದು ಈ ಕಾಲಾನಂತರದಲ್ಲಿಯೇ. ಅಗಸರ, ಕುಂಬಾರರ, ಕ್ಷೌರಿಕರ ಮಕ್ಕಳಿಗೆ, ಸ್ವಂತ ಸಂಘದ ಶಕ್ತಿಯನ್ನು ಕೇಳದೆ ಊಟ ಬಡಿಸುವ ಪಂಕ್ತಿ ದೊರೆತದ್ದು ಗುಬ್ಬಿ ತೋಟದಪ್ಪನವರ ನಿಲಯವು ತೆರೆದ ಸುಮಾರು ಎಪ್ಪತ್ತು ವರ್ಷಗಳ ಮೇಲೆ.