ವ್ಯವಹಾರ ನೀತಿ ಮತ್ತು ನಿರ್ಮಾಣ ರಂಗದ ಹೊಸತನ

ನಿರ್ಮಾಣ ಸಂಸ್ಥೆಯೊಂದು ಯಾವ ಹೊಸ ವಿಧಾನವನ್ನು ಅಳವಡಿಸಿಕೊಳ್ಳುತ್ತದೆ ಎಂಬುದನ್ನು ಯಂತ್ರಗಳ ಲಭ್ಯತೆಗಿಂತ ಹೆಚ್ಚಾಗಿ ಅದರ ವ್ಯವಹಾರ ನೀತಿಯೇ ನಿರ್ಧರಿಸುತ್ತದೆ. ಇದಕ್ಕೆ ಕರ್ನಾಟಕದಲ್ಲೇ ನಿದರ್ಶನಗಳಿವೆ.

ಗುಣಮಟ್ಟದ ಹಾದಿ: 1995ರಲ್ಲಿ ಪಿ.ಎನ್.ಸಿ. ಮೆನನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಶೋಭಾ ಸಂಸ್ಥೆಯು ವಿನ್ಯಾಸ, ಮರಗೆಲಸ, ಗಾಜು-ಲೋಹದ ಕೆಲಸ ಹಾಗೂ ಕಾಂಕ್ರೀಟ್ ಉತ್ಪನ್ನಗಳನ್ನು ಹೊರಗಿನವರಿಗೆ ವಹಿಸದೆ ತಾನೇ ನಿರ್ವಹಿಸುವ ನೀತಿ ಅನುಸರಿಸಿತು. ಇಂಥಲ್ಲಿ ಸುಧಾರಣೆಯ ಮೂಲ ಸ್ವಂತ ಕಾರ್ಖಾನೆ. ಆದರೆ ಬೇಡಿಕೆ ಕುಸಿದಾಗಲೂ ಕಾರ್ಖಾನೆಯ ವೆಚ್ಚ ತಪ್ಪುವುದಿಲ್ಲ.

ಮಿತವೆಚ್ಚದ ಹಾದಿ: ಮಧ್ಯಮ ವರ್ಗದವರಿಗೆ ಮನೆ ಒದಗಿಸಲು ಪುರವಂಕರ ಸಂಸ್ಥೆಯು 2008ರಲ್ಲಿ ಪ್ರಾವಿಡೆಂಟ್ ಹೌಸಿಂಗ್ ಆರಂಭಿಸಿತು. ಒಂದೇ ಮಾದರಿಯ ನೂರಾರು ಮನೆಗಳಿರುವ ಬಡಾವಣೆಗಳಲ್ಲಿ ಮರುಬಳಕೆಯ ಅಲ್ಯೂಮಿನಿಯಂ ಅಚ್ಚುಗಳು ಸಮಯ, ಕೂಲಿ ಎರಡನ್ನೂ ಉಳಿಸುತ್ತವೆ. ಒಂಟಿ ಮನೆಗೆ ಅವು ದುಬಾರಿ.

ಗ್ರಾಹಕನ ಪಾತ್ರ: ಬೆಂಗಳೂರಿನ ಕೇಂಬ್ರಿಡ್ಜ್ ಬಡಾವಣೆಯಲ್ಲಿ ಅಂಚೆ ಇಲಾಖೆಗಾಗಿ ಎಲ್ ಅಂಡ್ ಟಿ ಸಂಸ್ಥೆಯು ಮದ್ರಾಸ್ ಐಐಟಿಯ ಮಾರ್ಗದರ್ಶನದಲ್ಲಿ ತ್ರೀಡಿ ಮುದ್ರಣದಿಂದ ನಿರ್ಮಿಸಿದ 1,021 ಚದರ ಅಡಿಯ ಅಂಚೆ ಕಚೇರಿ 2023ರ ಆಗಸ್ಟ್ 18ರಂದು ಉದ್ಘಾಟನೆಗೊಂಡಿತು. ಕೆಲಸ ಮುಗಿದದ್ದು ಸುಮಾರು ಒಂದೂವರೆ ತಿಂಗಳಲ್ಲಿ.

ಸಣ್ಣ ಗುತ್ತಿಗೆದಾರರ ಸ್ಥಿತಿ: ಹಾವೇರಿ ಜಿಲ್ಲೆಯ ಚಿಕ್ಕೇರೂರಿನಂಥ ಊರುಗಳಲ್ಲಿ ಸರ್ಕಾರಿ ಕಾಮಗಾರಿ ನೆಚ್ಚಿದವರಿಗೆ ಇಂಥ ಆಯ್ಕೆಗಳು ವಿರಳ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಅನ್ವಯ ಅರ್ಹರ ಪೈಕಿ ಕನಿಷ್ಠ ದರ ನಮೂದಿಸಿದವರಿಗೆ ಟೆಂಡರ್ ದೊರೆಯುತ್ತದೆ. ಇದು ಪಕ್ಷಪಾತಕ್ಕೆ ಕಡಿವಾಣ. ಆದರೆ ನಕ್ಷೆ, ಸಾಮಗ್ರಿ, ವಿಧಾನಗಳನ್ನೆಲ್ಲ ಇಲಾಖೆಯೇ ಮೊದಲೇ ಗೊತ್ತುಪಡಿಸಿದಾಗ ಗುತ್ತಿಗೆದಾರನಿಗೆ ಉಳಿಯುವುದು ದರದ ಪೈಪೋಟಿ ಮಾತ್ರ. ಬಾಳಿಕೆ, ವೇಗಗಳಿಗೂ ಟೆಂಡರ್ ಷರತ್ತುಗಳಲ್ಲಿ ಬೆಲೆ ದೊರೆತರಷ್ಟೇ ಹೊಸತನ ಹಳ್ಳಿಯ ಶಾಲಾ ಕಟ್ಟಡವನ್ನೂ ತಲುಪೀತು.