ಅರಮನೆಯಿಂದ ಸಂತೆಗೆ ಬಂದ ಚೀನಾ ಪೈಲ್ವಾನರು

ನಮ್ಮ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೇ ಗೆಲುವು. ಚೀನಾದ ‘ಶುವಾಯ್ ಜ್ಯಾವೊ’ ಕುಸ್ತಿಯಲ್ಲಿ ಅಷ್ಟು ಹೊತ್ತು ಬೇಕಿಲ್ಲ. ಪಾದ ಬಿಟ್ಟು ಮೈಯ ಬೇರೆ ಯಾವ ಭಾಗ ನೆಲಕ್ಕೆ ತಾಗಿದರೂ ಸೋಲು. ಅದಕ್ಕೇ ಅಲ್ಲಿ ಎತ್ತಿ ಎಸೆಯುವ ಪಟ್ಟುಗಳದ್ದೇ ಕಾರುಬಾರು. ಪೈಲ್ವಾನರು ದಪ್ಪ ಬಟ್ಟೆಯ ಗಿಡ್ಡ ತೋಳಿನ ಅಂಗಿ ತೊಟ್ಟು, ನಡುಪಟ್ಟಿ ಕಟ್ಟಿ ಇಳಿಯುತ್ತಾರೆ. ಆ ಅಂಗಿಯೇ ಹಿಡಿತ.

ಈ ಕುಸ್ತಿಗೂ ರಾಜಕೀಯಕ್ಕೂ ಹಳೆಯ ನಂಟಿದೆ. 1669ರಲ್ಲಿ ಕಾಂಗ್ಷಿ ಚಕ್ರವರ್ತಿಗೆ ಇನ್ನೂ ಹದಿನೈದು ವಯಸ್ಸು. ಅಧಿಕಾರವೆಲ್ಲ ಒಬೊಯ್ ಎಂಬ ಹಿರಿಯ ಸೇನಾನಿಯ ಕೈಯಲ್ಲಿತ್ತು. ಹುಡುಗ ಅರಮನೆಯಲ್ಲಿ ಓರಗೆಯವರನ್ನು ಸೇರಿಸಿಕೊಂಡು ಕುಸ್ತಿ ಆಡಿಸುತ್ತಿದ್ದ, ಒಬೊಯ್ ಅದನ್ನು ಮಕ್ಕಳಾಟ ಅಂದುಕೊಂಡ, ಒಂದು ದಿನ ಅದೇ ಹುಡುಗರು ಮೇಲೆ ಬಿದ್ದು ಅವನನ್ನು ಕೆಡವಿ ಕಟ್ಟಿದರು ಎಂದು ಹೇಳುತ್ತಾರೆ. ಒಬೊಯ್ ಸೆರೆಮನೆಯಲ್ಲೇ ಸತ್ತ.

ಮುಂದೆ ಅರಮನೆಯಲ್ಲಿ ‘ಶಾನ್ ಪು ಯಿಂಗ್’ ಎಂಬ ಪೈಲ್ವಾನರ ಪಡೆಯೇ ಇತ್ತು. ಅದರಲ್ಲಿ ಮೂರು ದರ್ಜೆ. ಮಂಗೋಲ್ ದೊರೆಗಳು ಬಂದಾಗ ಅವರ ಪೈಲ್ವಾನರ ಜೊತೆ ಇವರ ಜೋಡಿ ಬೀಳುತ್ತಿತ್ತು.

ಈ ಕುಸ್ತಿಯ ಸಾಧನೆ ನೋಡಿದರೆ ನಮಗೆ ಗರಡಿಮನೆಯೇ ನೆನಪಾಗುತ್ತದೆ. ಹಳೇ ಕಾಲದ ಬೀಗದ ಆಕಾರದಲ್ಲಿ ಕಡೆದ ಕಲ್ಲನ್ನು ಮೇಲಕ್ಕೆ ತೂರಿ, ತಿರುಗಿಸಿ, ಮತ್ತೆ ಅದರ ಹಿಡಿಯನ್ನೇ ಹಿಡಿಯಬೇಕು. ತಪ್ಪಿದರೆ ಪಾದ ಜಜ್ಜಿಹೋಗುತ್ತದೆ! ಮಣಿಕಟ್ಟು, ಬೆರಳು, ಸೊಂಟ ಮೂರೂ ಒಟ್ಟಿಗೆ ಪಳಗುತ್ತವೆ. ಗಿಡ್ಡ ಕೋಲನ್ನು ಎರಡೂ ಕೈಯಲ್ಲಿ ತಿರುಚುವುದು ಅಂಗಿಯ ಹಿಡಿತಕ್ಕೆ. ಎಸೆತದಲ್ಲಿ ತೋಳಬಲಕ್ಕಿಂತ ಕಾಲಿನ ಕೆಲಸ ದೊಡ್ಡದು: ಎದುರಾಳಿಯ ತೂಕ ಒಂದು ಕಾಲಿಗೆ ವಾಲಿದ ಕ್ಷಣದಲ್ಲೇ ಆ ಕಾಲನ್ನು ಸೆಳೆಯಬೇಕು.

1912ರಲ್ಲಿ ಅರಸೊತ್ತಿಗೆ ಬಿತ್ತು. ಸಂಬಳ ನಿಂತಿತು. ಚಕ್ರವರ್ತಿಯ ಮುಂದೆ ಆಡುತ್ತಿದ್ದ ವಿದ್ಯೆ ಬೀಜಿಂಗ್‌ನ ತ್ಯಾನ್‌ಚ್ಯಾವೊ ಪೇಟೆಗೆ ಬಂತು. ಜಾದೂಗಾರರು, ಹಾಡುಗಾರರ ಪಕ್ಕದಲ್ಲಿ ಜನ ಎಸೆದ ಚಿಲ್ಲರೆಗೆ ಪೈಲ್ವಾನರು ಪಟ್ಟು ತೋರಿಸಿದರು. ಇದನ್ನು ಅವಮಾನ ಅನ್ನುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ, ಅರಮನೆ ಬಾಗಿಲು ಮುಚ್ಚಿದ ಮೇಲೂ ವಿದ್ಯೆ ಉಳಿದದ್ದು ಆ ಪೇಟೆಯ ಧೂಳಿನಲ್ಲೇ.

1979ರಲ್ಲಿ ಚೀನಾ ಸರ್ಕಾರ ‘ಸಾಂಡಾ’ ಸ್ಪರ್ಧೆಯ ಪ್ರಯೋಗ ಶುರು ಮಾಡಿದಾಗ ಗುದ್ದು, ಒದೆತದ ಜೊತೆ ಈ ಎಸೆತಗಳನ್ನೂ ಸೇರಿಸಿತು. ಒದೆಯಲು ಬಂದ ಕಾಲನ್ನೇ ಹಿಡಿದು ಕೆಡವಿ, ತಾನು ನಿಂತೇ ಇದ್ದರೆ 2 ಅಂಕ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮಣಿಪುರದ ರೋಷಿಬಿನಾ ದೇವಿ ಬೆಳ್ಳಿ ಗೆದ್ದದ್ದು ಇದೇ ಆಟದಲ್ಲಿ, 60 ಕಿಲೋ ವಿಭಾಗದಲ್ಲಿ.