ಕಿಬ್ಬೊಟ್ಟೆಯ ಸೋಂಕು ಮತ್ತು ಅಂಡಾಶಯದ ಗಡ್ಡೆ: ಕೊಪ್ಪಳ ಸೀಮೆಯ ಒಂದು ಚಾರಿತ್ರಿಕ ವಿವೇಚನೆ

ಕೊಪ್ಪಳ ಸೀಮೆಯ ಚರಿತ್ರೆಯೆಂದೊಡನೆ ಗವಿಮಠ, ಪಾಲ್ಕಿಗುಂಡುಗಳ ಅಶೋಕ ಶಾಸನಗಳೂ, ಜೈನರ ಕೊಪಣ ತೀರ್ಥವೂ, 1858ರಲ್ಲಿ ಮುಂಡರಗಿ ಭೀಮರಾಯನು ಹೋರಾಡಿ ಮಡಿದ ಕೋಟೆಯೂ ನಮ್ಮ ನೆನಪಿಗೆ ಬರುತ್ತವೆ. ಇದೇ ನೆಲದ ಹೆಂಗಸರ ಆರೋಗ್ಯಕ್ಕೂ ಒಂದು ಚರಿತ್ರೆಯುಂಟು; ಅದನ್ನು ಯಾರೂ ಕಲ್ಲಿನಲ್ಲಿ ಕೊರೆಸಲಿಲ್ಲ. ಕಿಬ್ಬೊಟ್ಟೆಯ ಸೋಂಕು ಅಂಡಾಶಯದ ಗಡ್ಡೆಗೆ ಕಾರಣವಾಗುವುದೇ ಎಂಬ ಪ್ರಶ್ನೆಯನ್ನು ಆ ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಿಜಾಮರ ಆಳ್ವಿಕೆಯಲ್ಲಿ ಕೊಪ್ಪಳ ಮತ್ತು ಯಲಬುರ್ಗಿಗಳು ಸಾಲಾರಜಂಗರ ಜಹಗೀರಿಗೆ ಸೇರಿದ್ದವು. ಕುಷ್ಟಗಿ, ಗಂಗಾವತಿಗಳು 1905ರಲ್ಲಿ ಲಿಂಗಸುಗೂರು ಜಿಲ್ಲೆ ರದ್ದಾದಾಗ ರಾಯಚೂರಿಗೆ ಸೇರಿದವು. 1956ರಲ್ಲಿ ಇವೆಲ್ಲವೂ ಮೈಸೂರು ರಾಜ್ಯದಲ್ಲಿ ಒಂದಾದವು. ಹುಬ್ಬಳ್ಳಿಯಲ್ಲಿ 1957ರಲ್ಲಿ, ಬಳ್ಳಾರಿಯಲ್ಲಿ 1961ರಲ್ಲಿ ವೈದ್ಯಕೀಯ ಕಾಲೇಜುಗಳು ಆರಂಭವಾದವಾದರೂ ಅವೆರಡೂ ಈ ತಾಲ್ಲೂಕುಗಳ ಹೊರಗಿನವು. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು; ಅಲ್ಲಿಯೇ ವೈದ್ಯಕೀಯ ಕಾಲೇಜು ನೆಲೆಗೊಂಡುದು 2015ರಲ್ಲಿ. ಗಂಗಾವತಿಯ ಭತ್ತದ ಗದ್ದೆಗಳಲ್ಲಿ ನಾಟಿ ಮಾಡುವ, ಯಲಬುರ್ಗಿ, ಕುಷ್ಟಗಿಗಳ ಮಳೆಯಾಶ್ರಿತ ಹೊಲಗಳಲ್ಲಿ ದುಡಿಯುವ ಹೆಂಗಸಿಗೆ ತಜ್ಞವೈದ್ಯರನ್ನು ಕಾಣುವುದೆಂದರೆ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳುವುದೇ ಆಗಿತ್ತು.

ಈ ಸೋಂಕು ಬಹುಮಟ್ಟಿಗೆ ಯೋನಿಮಾರ್ಗದಿಂದ ಗರ್ಭಾಶಯಕ್ಕೂ, ಅಲ್ಲಿಂದ ಅಂಡನಾಳ, ಅಂಡಾಶಯಗಳಿಗೂ ಏರುತ್ತದೆ. ಗೊನೋರಿಯಾ, ಕ್ಲಮೈಡಿಯಾ ರೋಗಾಣುಗಳೂ, ಹೆರಿಗೆ, ಗರ್ಭಪಾತಗಳ ಕಾಲದ ಅಶುಚಿತ್ವವೂ ಇದಕ್ಕೆ ಕಾರಣಗಳು. ಬಂಜೆತನ, ನಾಳದಲ್ಲಿ ಗರ್ಭ ನಿಲ್ಲುವಿಕೆ ಇದರ ಫಲಗಳು. ಹೊರಗೆ ಕಾಣುವ ಲಕ್ಷಣ ಕೆಲವೊಮ್ಮೆ 'ಬಿಳಿ ಸೆರಗು' ಮಾತ್ರ. ಅದನ್ನು ಬಾಯಿಬಿಟ್ಟು ಹೇಳಲು ಹೆಂಗಸರು ನಾಚುತ್ತಾರೆ. ನೆರೆಯ ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ ರಾಣಿ ಬಂಗ ಮತ್ತು ಸಂಗಡಿಗರು 650 ಸ್ತ್ರೀಯರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ವರದಿಯಂತೆ ನೂರಕ್ಕೆ 92 ಮಂದಿಗೆ ಸ್ತ್ರೀರೋಗವಿತ್ತು. ಹಿಂದೆ ಎಂದಾದರೂ ಪರೀಕ್ಷೆಗೆ ಒಳಗಾದವರು ನೂರಕ್ಕೆ 8 ಮಂದಿ ಮಾತ್ರ.

ಇನ್ನು ಗಡ್ಡೆಯ ವಿಚಾರ. ಪ್ರತಿಯೊಂದು ಅಂಡೋತ್ಪತ್ತಿಯಲ್ಲೂ ಅಂಡಾಶಯದ ಹೊದಿಕೆ ಹರಿದು ಮಾಯುವುದರಿಂದ ಮಾರಕ ಗಡ್ಡೆ ಹುಟ್ಟಬಹುದೆಂದು ಈಜಿಪ್ತಿನ ಫತಲ್ಲಾ 1971ರಲ್ಲಿ ಸೂಚಿಸಿದರು. ಬಹುಕಾಲದ ಉರಿಯೂತವೂ ಕಾರಣವಾಗಬಹುದೆಂಬ ವಾದ ಆಮೇಲೆ ಬಲಗೊಂಡಿತು. ತೈವಾನಿನಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೋಂಕಾದವರಿಗೆ ಅಪಾಯ ಹೆಚ್ಚೆಂದು ಕಂಡಿತು. ಆದರೆ ಹದಿಮೂರು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯಲ್ಲಿ, ಸೌಮ್ಯವೂ ಪೂರ್ಣ ಮಾರಕವೂ ಅಲ್ಲದ ನಡುವಣ ಗಡ್ಡೆಗಳೊಡನೆ ಸಂಬಂಧ ತೋರಿತೇ ಹೊರತು, ಒಟ್ಟು ಮಾರಕ ಗಡ್ಡೆಗಳೊಡನೆ ಸ್ಪಷ್ಟವಾಗಿ ತೋರಲಿಲ್ಲ. ಆದುದರಿಂದ ಸಂಬಂಧವಿದ್ದರೂ ಅದು ಅಲ್ಪವೆಂದೂ, ಸೋಂಕಾದ ಬಹುತೇಕ ಹೆಂಗಸರಿಗೆ ಇಂಥ ಗಡ್ಡೆ ಬರುವುದೇ ಇಲ್ಲವೆಂದೂ ತಿಳಿಯತಕ್ಕದ್ದು.

ಈ ವಿವೇಕವನ್ನು ಮರೆತರೆ ಆಗುವ ಅನಾಹುತಕ್ಕೆ ನಿದರ್ಶನ ದೂರದಲ್ಲಿಲ್ಲ. ಕಲ್ಯಾಣ ಕರ್ನಾಟಕದ್ದೇ ಆದ ಕಲಬುರಗಿ ಜಿಲ್ಲೆಯಲ್ಲಿ, ಹೊಟ್ಟೆನೋವು, ಬಿಳಿ ಸೆರಗುಗಳೆಂದು ಬಂದ ಲಂಬಾಣಿ ಮತ್ತು ದಲಿತ ಹೆಂಗಸರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಾಶಯವನ್ನೇ ತೆಗೆದುಹಾಕಿದ ಸಂಗತಿ 2015ರ ಸುಮಾರಿಗೆ ಬಯಲಿಗೆ ಬಂದಿತು. ಗರ್ಭಾಶಯ ತೆಗೆದ ಮೇಲೂ ಅಂಡಾಶಯ ಒಳಗೇ ಉಳಿಯಬಹುದು. ಅದನ್ನೂ ತೆಗೆದರೆ ಎಳೆಯ ವಯಸ್ಸಿನಲ್ಲೇ ಮುಟ್ಟು ನಿಂತು ಎಲುಬು ಸವೆಯುತ್ತದೆ. ಆರಂಭದಲ್ಲೇ ಮದ್ದಿನಿಂದ ಗುಣವಾಗಬಹುದಾದ ಸೋಂಕಿಗೆ ಇದು ಚಿಕಿತ್ಸೆಯಲ್ಲ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಹೊಟ್ಟೆಯುಬ್ಬರ, ಬೇಗನೆ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು ಇವು ವಾರಗಟ್ಟಲೆ ಬಿಡದಿದ್ದರೆ 'ಸೋಂಕು' ಎಂದು ಬಗೆದು ಸುಮ್ಮನಿರಲಾಗದು. ಅಂಡಾಶಯದ ಕ್ಯಾನ್ಸರು ಹೀಗೆಯೇ ಸದ್ದಿಲ್ಲದೆ ಬೆಳೆಯುವುದು. ಜನನಾಂಗದ ಕ್ಷಯವಂತೂ ಹೊಟ್ಟೆಯಲ್ಲಿ ನೀರು ತುಂಬಿಸಿ ಕ್ಯಾನ್ಸರಿನಂತೆಯೇ ತೋರಿ ವೈದ್ಯರನ್ನೂ ಭ್ರಮೆಗೊಳಿಸುತ್ತದೆ. ಪರೀಕ್ಷೆಯಿಲ್ಲದೆ ಇವನ್ನು ಬೇರ್ಪಡಿಸುವಂತಿಲ್ಲ.

ಒಟ್ಟಿನಲ್ಲಿ ಈ ನಾಲ್ಕು ತಾಲ್ಲೂಕುಗಳ ಹೆಂಗಸರನ್ನು ಕಾಡಿದುದು ರೋಗಾಣುವಿನಷ್ಟೇ ದೂರ, ನಾಚಿಕೆ ಮತ್ತು ಬಡತನಗಳು. ದೂರವು ಈಗ ಕೊಂಚ ಕಡಮೆಯಾಗಿದೆ. ಗಂಡಹೆಂಡಿರಿಬ್ಬರಿಗೂ ಸಕಾಲದಲ್ಲಿ ಚಿಕಿತ್ಸೆ, ಶುಚಿಯಾದ ಹೆರಿಗೆ, ಶಸ್ತ್ರಕ್ರಿಯೆಗೆ ಮೊದಲು ಮತ್ತೊಬ್ಬ ವೈದ್ಯರ ಅಭಿಪ್ರಾಯ ಇವು ಸಾಮಾನ್ಯವಾದಾಗ ಉಳಿದುವೂ ಕಡಮೆಯಾಗುವುವೆಂದು ನಾವು ನಂಬುತ್ತೇವೆ.